ರಾಕೆಟ್ ಬಿಟ್ಟು ಕೋಟು ನೋಡುವುದು: ರನ್‌ವೇ ವಿಮರ್ಶೆ ನಾನು ಬರೆಯುವ ಬಗೆ

ರನ್‌ವೇ ಎಂದರೆ ಫ್ಯಾಷನ್ ಷೋದಲ್ಲಿ ಮಾಡೆಲ್‌ಗಳು ನಡೆದುಬರುವ ದಾರಿ. ಒಂದು ಷೋ ನಡೆಯುವುದು ಸಾಮಾನ್ಯವಾಗಿ ಕಾಲು ಗಂಟೆ. ಅಷ್ಟರಲ್ಲಿ ನಲವತ್ತೋ ಅರವತ್ತೋ ಲುಕ್‌ಗಳು (ಒಬ್ಬ ಮಾಡೆಲ್ ತೊಟ್ಟು ಬರುವ ಪೂರ್ತಿ ಉಡುಪು ಒಂದು ಲುಕ್) ಕಣ್ಣ ಮುಂದೆ ಹಾದುಹೋಗುತ್ತವೆ. ಜೊತೆಗೆ ಎದೆ ನಡುಗಿಸುವ ಸಂಗೀತ, ದುಡ್ಡು ಸುರಿದು ಕಟ್ಟಿದ ಸೆಟ್ಟು, ಮುಂದಿನ ಸಾಲಿನಲ್ಲಿ ಸಿನಿಮಾ ತಾರೆಯರು. ಫ್ರಾನ್ಸಿನ ಫ್ಯಾಷನ್ ಸಂಸ್ಥೆ ಶನೆಲ್ 2014ರಲ್ಲಿ ಪ್ಯಾರಿಸ್‌ನ ಗ್ರಾಂ ಪಲೇ ಎಂಬ ದೊಡ್ಡ ಪ್ರದರ್ಶನ ಭವನದ ಒಳಗೆ ಇಡೀ ಸೂಪರ್‌ಮಾರ್ಕೆಟ್ ಕಟ್ಟಿತ್ತು, 2017ರಲ್ಲಿ ಅಲ್ಲೇ ರಾಕೆಟ್ ನಿಲ್ಲಿಸಿತ್ತು. ಆ ಷೋ ನೋಡಿದವರನ್ನು ಕೇಳಿ, ರಾಕೆಟ್ ನೆನಪಿರುತ್ತದೆ, ಕೋಟು ನೆನಪಿರುವುದಿಲ್ಲ. ನಾನು ಬರೆಯಬೇಕಾದದ್ದು ಕೋಟಿನ ಬಗ್ಗೆ.

ನಾನು ಹೆಚ್ಚಾಗಿ ನೇರಪ್ರಸಾರದ ವಿಡಿಯೊ ನೋಡಿ ಬರೆಯುವವಳು. ಮೊದಲ ಸಲ ನೋಡುವಾಗ ಶಬ್ದ ಬಂದ್ ಮಾಡುತ್ತೇನೆ. ಡಿಸೈನರ್ ಕಡೆಯವರು ಹಂಚುವ ಷೋ ನೋಟ್ಸ್ ಕೂಡ ಆಗ ಮುಟ್ಟುವುದಿಲ್ಲ. ನೆನಪು, ಬೇರು, ಬಿಡುಗಡೆ ಎಂಬಂಥ ದೊಡ್ಡ ಮಾತುಗಳು ಅದರಲ್ಲಿರುತ್ತವೆ. ಒಮ್ಮೆ ಓದಿಬಿಟ್ಟರೆ ಪ್ರತಿ ತೋಳಿನಲ್ಲೂ ಅವೇ ಕಾಣತೊಡಗುತ್ತವೆ. ಭುಜ ಎಲ್ಲಿ ಮುಗಿಯುತ್ತದೆ, ಸೊಂಟ ಎಲ್ಲಿ ಕೂತಿದೆ, ಕೆಳ ಅಂಚು ಕಾಲಿನ ಎಷ್ಟು ಭಾಗಕ್ಕೆ ಬಂದು ನಿಂತಿದೆ, ಮೊದಲ ಸುತ್ತಿಗೆ ಇಷ್ಟೇ ಸಾಕು. ಬಣ್ಣ, ಪ್ರಿಂಟು, ಕಸೂತಿ ಎಲ್ಲ ಆಮೇಲೆ.

ಎರಡನೇ ಸುತ್ತಿನಲ್ಲಿ ಹುಡುಕುವುದು ಯಾವುದು ಮತ್ತೆ ಮತ್ತೆ ಬಂದಿದೆ ಎಂಬುದನ್ನು. ಒಂದೇ ತೋಳು ಉಣ್ಣೆಯಲ್ಲಿ ಬಂದು, ಆಮೇಲೆ ಚರ್ಮದಲ್ಲಿ, ಕೊನೆಗೆ ಶಿಫಾನ್‌ನಲ್ಲೂ ಬಂದರೆ ಡಿಸೈನರ್ ತಲೆ ಕೆಡಿಸಿಕೊಂಡಿದ್ದು ಅದಕ್ಕೇ ಎಂದು ತಿಳಿಯಬಹುದು. ಒಂದೇ ಸಲ ಬಂದು ಚಪ್ಪಾಳೆ ಗಿಟ್ಟಿಸಿದ ಗೌನು ಬಹಳ ಸಲ ಫೋಟೊಕ್ಕೆಂದೇ ಮಾಡಿದ್ದು. ಮೊದಲ ಲುಕ್ಕಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಕೊನೆಯದಕ್ಕೆ ಅಷ್ಟಾಗಿ ಇಲ್ಲ. ಅಂಗಡಿಗೆ ಹೋಗುವ ಪ್ಯಾಂಟು, ಜಾಕೆಟ್ಟುಗಳು ಸಾಮಾನ್ಯವಾಗಿ ನಡುವೆ ಬರುತ್ತವೆ. ವಿಮರ್ಶಕರು ಆಕಳಿಸುವುದೂ ಅಲ್ಲೇ.

ಫೋಟೊಗಳನ್ನು ನಂಬಿ ಬರೆಯಬಾರದು. ಫೋಟೊಗ್ರಾಫರುಗಳು ರನ್‌ವೇ ತುದಿಯಲ್ಲಿ ಗುಂಪಾಗಿ ನಿಂತಿರುವುದರಿಂದ ಹೆಚ್ಚಿನ ಚಿತ್ರಗಳಲ್ಲಿ ಬಟ್ಟೆಯ ಮುಂಭಾಗ ಮಾತ್ರ ಸಿಗುತ್ತದೆ. ಬೆನ್ನಿನ ಹೊಲಿಗೆ, ಪಕ್ಕದ ಸೀಳು, ನಡೆಯುವಾಗ ನೆರಿಗೆ ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುವುದು ವಿಡಿಯೊದಲ್ಲಿ ಮಾತ್ರ. ಮಾಡೆಲ್ ತಿರುಗುವ ಕ್ಷಣವನ್ನು ನಿಧಾನಗತಿಯಲ್ಲಿ ನೋಡುತ್ತೇನೆ. ಓರೆಯಾಗಿ ಕತ್ತರಿಸಿದ ಬಟ್ಟೆ ಮೈ ತಿರುಗಿದ ಮೇಲೆ ಅರೆಗಳಿಗೆ ತಡೆದು ತಾನೂ ತಿರುಗುತ್ತದೆ. ಒಳಗೆ ಗಟ್ಟಿ ಕ್ಯಾನ್ವಾಸ್ ಕೊಟ್ಟ ಬಟ್ಟೆ ಮೈಯ ಜೊತೆಗೇ ತಿರುಗುತ್ತದೆ. ಕೈಯಲ್ಲಿ ಮುಟ್ಟಲಾಗದ ಬಟ್ಟೆಯನ್ನು ಅಳೆಯಲು ನನಗಿರುವ ದಾರಿ ಇದೇ.

ಹಳೆಯ ಫ್ಯಾಷನ್ ಸಂಸ್ಥೆಯಾದರೆ ಅದರ ಹಿಂದಿನ ಕೆಲಸವೂ ಗೊತ್ತಿರಬೇಕು. ಪ್ಯಾರಿಸ್‌ನ ಡಿಸೈನರ್ ಕ್ರಿಸ್ಟಿಯನ್ ಡಿಯೋರ್ 1947ರ ಫೆಬ್ರವರಿಯಲ್ಲಿ ತೋರಿಸಿದ ಬಾರ್ ಜಾಕೆಟ್ಟು ಕೆನೆಬಣ್ಣದ ರೇಷ್ಮೆಯದು. ಸೊಂಟದಲ್ಲಿ ಬಿಗಿ, ಅಲ್ಲಿಂದ ಕೆಳಗೆ ಪ್ಯಾಡ್ ಕೊಟ್ಟು ಉಬ್ಬಿಸಿದ್ದು, ಅದರ ಕೆಳಗೆ ನೆರಿಗೆಯ ಕಪ್ಪು ಉಣ್ಣೆ ಲಂಗ. 2025ರ ಜೂನ್‌ನಲ್ಲಿ ಡಿಸೈನರ್ ಜೊನಾಥನ್ ಆಂಡರ್ಸನ್ ಡಿಯೋರ್ ಸಂಸ್ಥೆಗೆ ತನ್ನ ಮೊದಲ ಗಂಡಸರ ಕಲೆಕ್ಷನ್ ತೋರಿಸಿದಾಗ ಅದೇ ಜಾಕೆಟ್ಟು ಟ್ವೀಡ್ ಎಂಬ ಒರಟು ಉಣ್ಣೆ ಬಟ್ಟೆಯಲ್ಲಿ, ಮಡಿಕೆ ಮಡಿಕೆಯಾದ ಅಗಲ ಚಡ್ಡಿಯ ಮೇಲೆ ಬಂತು. ಆ ಸೊಂಟದ ಗುರುತು ಸಿಗದವರಿಗೆ ಅದು ಬರೀ ವಿಚಿತ್ರ ಚಡ್ಡಿ. ಗುರುತು ಸಿಕ್ಕವರಿಗೆ ಅದರಲ್ಲೊಂದು ತುಂಟತನವಿದೆ.

ಸೆಟ್ಟು ಬಿಟ್ಟು ಬಟ್ಟೆ ನೋಡುವ ಈ ಹಟ ಎಲ್ಲ ಕಡೆಯೂ ನಡೆಯುವುದಿಲ್ಲ. ಬ್ರಿಟಿಷ್ ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್‌ನ 1999ರ ವಸಂತ ಕಲೆಕ್ಷನ್ನಿನ ಷೋದಲ್ಲಿ ಮಾಡೆಲ್ ಶಲೋಮ್ ಹಾರ್ಲೋ ತಿರುಗುವ ಮರದ ಹಲಗೆಯ ಮೇಲೆ ಬಿಳಿ ಗೌನಿನಲ್ಲಿ ನಿಂತಿದ್ದಳು. ಅಕ್ಕಪಕ್ಕದ ಎರಡು ರೋಬೊಗಳು ಆ ಗೌನಿನ ಮೇಲೆ ಕಪ್ಪು, ಹಳದಿ ಬಣ್ಣ ಎರಚಿದವು. ಅಲ್ಲಿ ಬಟ್ಟೆ ತಯಾರಾದದ್ದೇ ವೇದಿಕೆಯ ಮೇಲೆ. ಬೇರ್ಪಡಿಸಿ ಬರೆಯಹೊರಟರೆ ಕೈಗೇನೂ ಸಿಗದು.

ಕಷ್ಟವಾಗುವುದು ಬಟ್ಟೆ ಹಿಡಿಸದಿದ್ದಾಗ. ಪ್ಯಾರಿಸ್‌ನ ಡಿಸೈನರ್ ಈವ್ ಸಾಂ ಲೊರಾಂ 1971ರಲ್ಲಿ ನಲವತ್ತರ ದಶಕದ ಅಗಲ ಭುಜ, ಎತ್ತರದ ಅಟ್ಟೆಯ ಚಪ್ಪಲಿ ವಾಪಸ್ ತಂದಾಗ ಪತ್ರಿಕೆಗಳು ಬೈದವು. ಆ ದಶಕದಲ್ಲಿ ನಾಜಿಗಳ ಕೈಕೆಳಗಿದ್ದ ಪ್ಯಾರಿಸ್ ಇನ್ನೂ ಬಹಳ ಮಂದಿಯ ನೆನಪಿನಲ್ಲಿತ್ತು. ಆಮೇಲೆ ಅದೇ ಬಗೆಯ ಉಡುಪು ಸಾಮಾನ್ಯರ ಮೈಮೇಲೂ ಬಂತು. ಡಿಸೈನರ್ ಮಾರ್ಕ್ ಜೇಕಬ್ಸ್ 1992ರಲ್ಲಿ ಅಮೆರಿಕದ ಪೆರಿ ಎಲಿಸ್ ಬ್ರ್ಯಾಂಡಿಗೆ ಮಾಡಿದ ಗ್ರಂಜ್ (ರಾಕ್ ಸಂಗೀತಗಾರರ ಹಳೇ, ಅಸ್ತವ್ಯಸ್ತ ಉಡುಗೆಯ ಶೈಲಿ) ಕಲೆಕ್ಷನ್ನಿನದೂ ಹೆಚ್ಚುಕಡಿಮೆ ಇದೇ ಕತೆ: ಟೀಕೆ ಬಂತು, ಅವನ ಕೆಲಸ ಹೋಯಿತು. ಅಲ್ಲಿ ಹಳೇ ಫ್ಲಾನೆಲ್ಲಿನಂತೆ ಕಂಡ ಚೌಕಳಿ ಅಂಗಿಗಳು ಅಸಲಿಗೆ ರೇಷ್ಮೆ. ಹಾಗಾಗಿ ಸಿಟ್ಟು ಬಂದ ಷೋ ಬಗ್ಗೆ ಬರೆಯುವ ಮುಂಚೆ ನನಗೆ ನಾನೇ ಕೇಳಿಕೊಳ್ಳುತ್ತೇನೆ: ಹೊಲಿಗೆ ಕೆಟ್ಟಿದೆಯೋ, ನನ್ನ ರುಚಿಗೆ ಪೆಟ್ಟು ಬಿದ್ದಿದೆಯೋ? ರುಚಿಗೆ ಬಿದ್ದ ಪೆಟ್ಟಾದರೆ ಅದು ನನ್ನದು ಎಂದು ಹೇಳಿಯೇ ಬರೆಯುತ್ತೇನೆ. ಹೊಗಳುವಾಗ ಮಾತ್ರ ಈ ಪ್ರಶ್ನೆ ಯಾರೂ ಕೇಳಿಕೊಳ್ಳುವುದಿಲ್ಲ, ಅದು ಬೇರೆ ಮಾತು.

ಕರಡು ಸಿದ್ಧವಾದ ಮೇಲೆ 'ಅದ್ಭುತ', 'ಮನಮೋಹಕ' ಎಂಬವನ್ನೆಲ್ಲ ಹೊಡೆದುಹಾಕಿ, ಆ ಜಾಗದಲ್ಲಿ ಬಟ್ಟೆ ಏನು ಮಾಡುತ್ತಿತ್ತು ಎಂದು ಬರೆಯುತ್ತೇನೆ. ಬರೆಯಲು ಏನೂ ಹೊಳೆಯದಿದ್ದರೆ ಆ ವಾಕ್ಯವನ್ನೇ ಬಿಡುತ್ತೇನೆ. ಷೋ ನೋಟ್ಸ್ ಓದುವುದು ಆಗಲೇ. ಬಟ್ಟೆಯ ಹೆಸರು, ಎಲ್ಲಿಯ ಕಸೂತಿ ಎಂಬ ವಿವರ ಅದರಿಂದ ಸಿಗುತ್ತದೆ. ನಾನು ಬರೆದದ್ದನ್ನು ತಾಳೆ ನೋಡಲೂ ಬೇಕು. ಆದರೆ ಮರುಬಳಕೆಯ ನೂಲು, ಪರಿಸರಕ್ಕೆ ಹಿತ ಎಂಬ ಮಾತುಗಳನ್ನು ಪರದೆಯ ಮೇಲೆ ನೋಡಿ ಪರೀಕ್ಷಿಸಲಾಗದು. ಅವು 'ಎಂದು ಕಂಪನಿ ಹೇಳುತ್ತದೆ' ಎಂಬ ಬಾಲದೊಂದಿಗೇ ಹೋಗುತ್ತವೆ, ಸಂಪಾದಕರು ಆ ಬಾಲ ಕತ್ತರಿಸಲು ಬಂದರೆ ನಾನು ಬಿಡುವುದಿಲ್ಲ.