ಎರೆಹೊಲದಲ್ಲಿ ಗಾಡಿ ನಿಂತಾಗ: ಮನೆಮಂದಿಯೊಂದಿಗೆ ಕಚ್ಚಾ ದಾರಿಯ ನನ್ನ ಅನುಭವ

ಕಲಬುರಗಿಯಿಂದ ಹೊರಟು ಚಿಂಚೋಳಿ, ಕುಂಚಾವರಂ ಕಡೆಗೋ, ಭೀಮೆಯ ದಂಡೆಯ ಸನ್ನತಿ ಕಡೆಗೋ, ಯಾದಗಿರಿ ಜಿಲ್ಲೆಯ ಗುರುಮಠಕಲ್ ಗುಡ್ಡಗಳ ಕಡೆಗೋ ಮನೆಮಂದಿಯನ್ನೂ ಗೆಳೆಯರನ್ನೂ ಕರೆದುಕೊಂಡು ಕಚ್ಚಾ ದಾರಿಯಲ್ಲಿ ತಿರುಗುವುದು ನನ್ನ ಬಹುಕಾಲದ ಹವ್ಯಾಸ. ವೃತ್ತಿಯಿಂದ ನಾನು ಬ್ಯಾಂಕ್ ನೌಕರ. ಗಾಡಿ ರಿಪೇರಿಯನ್ನು ಕಲಿತದ್ದು ರವಿವಾರಗಳಂದು ಪರಿಚಯದ ಗ್ಯಾರೇಜೊಂದರಲ್ಲಿ ಮೇಸ್ತ್ರಿಯ ಕೈಗೆ ಪಾನಾ (ನಟ್ಟು ಬಿಚ್ಚುವ ಸ್ಪ್ಯಾನರ್) ಕೊಡುತ್ತಾ, ಅವರು ಬಿಚ್ಚುವುದನ್ನೂ ಕೂಡಿಸುವುದನ್ನೂ ನೋಡುತ್ತಾ. ನಾಲ್ಕು ಜನ ಗೆಳೆಯರಷ್ಟೇ ಹೋದಾಗ ಗಾಡಿ ಕೆಟ್ಟರೆ ಎಲ್ಲರ ಗಮನವೂ ಬೋನೆಟ್ಟಿನ ಮೇಲಿರುತ್ತದೆ. ವಯಸ್ಸಾದ ಅವ್ವ ಮತ್ತು ಸಣ್ಣ ಮಕ್ಕಳು ಜೊತೆಗಿದ್ದಾಗ ಕೆಟ್ಟರೆ ಮೊದಲು ನೋಡಬೇಕಾದದ್ದು ನೀರು, ನೆರಳು ಮತ್ತು ಕತ್ತಲಾಗಲು ಉಳಿದಿರುವ ಹೊತ್ತು. ನಾನು ಗಾಡಿಯಿಂದ ಇಳಿದ ಕೂಡಲೇ ಮಾಡುವ ಕೆಲಸಗಳ ಕ್ರಮವೆಲ್ಲ ಈ ಮೂರರಿಂದಲೇ ನಿರ್ಧಾರವಾಗುತ್ತದೆ.

ನಮ್ಮ ಭಾಗದ ನೆಲ ಒಂದೇ ಬಗೆಯದಲ್ಲವಾದ್ದರಿಂದ ಗಾಡಿ ಕೆಡುವ ಬಗೆಯೂ ಊರಿಂದೂರಿಗೆ ಬೇರೆಯಾಗುತ್ತದೆ. ಭೀಮೆಯ ಕಡೆಗೆ ಎರೆಮಣ್ಣು. ಅದರೊಳಗಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ಹೋಗುವಷ್ಟು ಅಗಲಕ್ಕೆ ಬಿರಿಯುತ್ತದೆ. ಶಹಾಬಾದ, ಚಿತ್ತಾಪುರ, ಸೇಡಂ ಸುತ್ತ ಸುಣ್ಣಕಲ್ಲಿನ ಪದರುಗಳಿದ್ದು, ಗಣಿಗಳ ಪಕ್ಕದ ದಾರಿಗಳಲ್ಲಿ ಒಡೆದ ಪರಸಿಯ, ಅಂದರೆ ಹಾಸುಗಲ್ಲಿನ, ಚೂರುಗಳು ಚಾಕುವಿನಂಥ ಅಂಚನ್ನು ಮೇಲೆ ಮಾಡಿಕೊಂಡು ಬಿದ್ದಿರುತ್ತವೆ. ಚಿಂಚೋಳಿಯಾಚೆಗೆ ಬೀದರ ಸೀಮೆಯವರೆಗೂ ಕೆಂಪು ಜಂಬಿಟ್ಟಿಗೆ ನೆಲ ಹೆಚ್ಚು. ಅಲ್ಲಿ ಗಾಲಿ ಹೂತುಕೊಳ್ಳುವುದು ಅಪರೂಪವಾದರೂ ಎಡೆಬಿಡದ ಕುಲುಕಾಟಕ್ಕೆ ಬೋಲ್ಟುಗಳು ಸಡಿಲುತ್ತವೆ, ಹಳೆಯ ರಬ್ಬರ್ ಪೈಪುಗಳು ಸೀಳುತ್ತವೆ. ಹೊರಡುವ ಮೊದಲು ದಾರಿ ಯಾವ ನೆಲದ ಮೇಲೆ ಹಾಯುತ್ತದೆಂದು ತಿಳಿದಿದ್ದರೆ ಯಾವ ಸಾಮಾನು ಕೈಗೆ ಸಿಗುವಂತೆ ಮೇಲಿರಬೇಕು ಎಂಬುದೂ ತಿಳಿಯುತ್ತದೆ.

ಚಂದ್ರಂಪಳ್ಳಿ ಜಲಾಶಯದ ಕಡೆಗೆ ನಾವು ಎರಡು ಗಾಡಿಗಳಲ್ಲಿ ಹೊರಟಿದ್ದ ಒಂದು ಮಾರ್ಚ್ ತಿಂಗಳಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏರು ಹತ್ತುತ್ತಿದ್ದಂತೆ ನಮ್ಮ ಡೀಸೆಲ್ ಜೀಪಿನ ಬೋನೆಟ್ಟಿನ ಸಂದಿನಿಂದ ಆವಿ ಬರತೊಡಗಿತು, ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆಗೆ ತಾಗಿತು. ನಾನು ತಕ್ಷಣ ಗಾಡಿಯನ್ನು ಬದಿಗೆ ಹಾಕಿ ಎಂಜಿನ್ ಆರಿಸಿದೆ. ನನ್ನ ಹೆಂಡತಿ ಮಕ್ಕಳನ್ನೂ ಅವ್ವನನ್ನೂ ಇಳಿಸಿಕೊಂಡು ದಾರಿಯಿಂದ ದೂರದ ಮರದಡಿ ಚಾಪೆ ಹಾಸಿದಳು. ಗೆಳೆಯನೊಬ್ಬ ಅವಸರದಿಂದ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದಾಗ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದೆ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಒಳಗೆ ನಿಂತಿರುತ್ತದೆ. ಮುಚ್ಚಳ ತೆರೆದು ಒತ್ತಡ ಬಿಟ್ಟ ಕ್ಷಣವೇ ಅದು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಹೀಗೆ ಸುಟ್ಟುಕೊಂಡವರನ್ನು ಗ್ಯಾರೇಜಿನಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಬೋನೆಟ್ ಮಾತ್ರ ತೆರೆದಿಟ್ಟು, ಮೇಲಿನ ಪೈಪನ್ನು ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಎಲ್ಲರೂ ಕಾದೆವು. ಮುಕ್ಕಾಲು ತಾಸಿನ ಆ ಕಾಯುವಿಕೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದ್ದರಿಂದ ಮಕ್ಕಳಿಗೆ ಅದು ತೊಂದರೆ ಎಂದು ಅನ್ನಿಸಲೇ ಇಲ್ಲ. ದಿನಗಟ್ಟಲೆ ಕೆಡದ ಈ ಊಟವನ್ನು ನಾನು ರಿಪೇರಿ ಸಾಮಾನಿನ ಲೆಕ್ಕದಲ್ಲಿಯೇ ಇಡುತ್ತೇನೆ.

ತಣ್ಣಗಾದ ಮೇಲೆ ನೋಡಿದರೆ ರೇಡಿಯೇಟರಿನ ಮೇಲಿನ ಪೈಪು ಕ್ಲಿಪ್ಪಿನ ಪಕ್ಕದಲ್ಲೇ ಹೆಬ್ಬೆರಳಿನ ಉಗುರಿನಷ್ಟು ಉದ್ದಕ್ಕೆ ಸೀಳಿತ್ತು. ಸೀಳು ತುದಿಗೆ ಇಷ್ಟು ಹತ್ತಿರ ಇದ್ದಾಗ ಅದರಷ್ಟು ಸುಲಭದ ರಿಪೇರಿ ಮತ್ತೊಂದಿಲ್ಲ. ಕ್ಲಿಪ್ ಸಡಿಲಿಸಿ ಪೈಪನ್ನು ಎಳೆದು, ಸೀಳಿದ ತುದಿಯನ್ನು ಚಾಕುವಿನಿಂದ ನೇರವಾಗಿ ಕತ್ತರಿಸಿ ತೆಗೆದು, ಉಳಿದ ಭಾಗವನ್ನು ಮತ್ತೆ ಮೂತಿಗೆ ಏರಿಸಿ ಕ್ಲಿಪ್ ಬಿಗಿದೆ. ಪೈಪು ತುಸು ಗಿಡ್ಡವಾದರೂ ಎಳೆತವಿಲ್ಲದೆ ಕೂತಿತು. ಸೀಳು ನಡುವೆ ಇದ್ದಿದ್ದರೆ ಪೈಪನ್ನು ಒರೆಸಿ ಒಣಗಿಸಿ, ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಒಂದರ ಮೇಲೊಂದು ಸುತ್ತಿ, ಎರಡೂ ಕಡೆ ತಂತಿಯಿಂದ ಬಿಗಿಯಬೇಕಾಗುತ್ತಿತ್ತು. ಅಂಥ ತೇಪೆಗೆ ಪೂರ್ತಿ ಒತ್ತಡ ಬೀಳದಿರಲೆಂದು ರೇಡಿಯೇಟರ್ ಮುಚ್ಚಳವನ್ನು ಮೊದಲ ಹಂತಕ್ಕೆ ಮಾತ್ರ ತಿರುಗಿಸಿ, ಆಗಾಗ ನಿಂತು ನೀರು ನೋಡಿಕೊಳ್ಳುತ್ತಾ ನಿಧಾನವಾಗಿ ಊರು ಸೇರಬೇಕು. ನೀರು ತುಂಬುವಾಗಲೂ ಒಂದು ಎಚ್ಚರಿಕೆ ಅಗತ್ಯ. ಎಂಜಿನ್ ಇನ್ನೂ ಕಾದಿರುವಾಗಲೇ ತಣ್ಣೀರು ಸುರಿದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿರಿಯಬಹುದು ಅಥವಾ ಸೊಟ್ಟಗಾಗಬಹುದು, ಆಗ ನೂರು ರೂಪಾಯಿಯ ಪೈಪಿನ ಕೆಲಸ ಸಾವಿರಾರು ರೂಪಾಯಿಯ ಎಂಜಿನ್ ಕೆಲಸವಾಗುತ್ತದೆ. ಮರಳುವಾಗ ಏರುಗಳಲ್ಲಿ ಎಸಿ ಬಂದ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕಿಟಕಿ ಇಳಿಸಿಕೊಂಡು ಬಂದೆವು. ಹೀಟರ್ ಎಂಬುದೂ ಒಂದು ಸಣ್ಣ ರೇಡಿಯೇಟರೇ ಆದ್ದರಿಂದ ಎಂಜಿನ್ನಿನ ಸ್ವಲ್ಪ ಶಾಖವನ್ನು ಅದು ಹೊರಗೆಳೆಯುತ್ತದೆ. ಅವ್ವನನ್ನೂ ಮಕ್ಕಳನ್ನೂ ಆ ಹೊತ್ತಿಗೆ ಇನ್ನೊಂದು ಗಾಡಿಗೆ ದಾಟಿಸಿದ್ದೆವು. ಮನೆಮಂದಿ ಇರುವಾಗ ಒಂದೇ ಗಾಡಿಯಲ್ಲಿ ಒಳದಾರಿಗೆ ಇಳಿಯಬಾರದು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿಯೇ.

ಎರೆಮಣ್ಣಿನ ಕಥೆ ಬೇರೆ. ತೊಗರಿ ರಾಶಿ ಮುಗಿದ ದಿನಗಳಲ್ಲಿ ಅಕಾಲಿಕ ಮಳೆ ಬಿದ್ದ ಮರುದಿನ ಭೀಮೆಯ ಸಮೀಪದ ಬಂಡಿದಾರಿಯೊಂದರಲ್ಲಿ ಗೆಳೆಯನ ಕಾರು ಮುಂದಿನ ಎರಡೂ ಗಾಲಿಗಳನ್ನು ಹೂತುಕೊಂಡು ನಿಂತಿತು. ಹಸಿ ಎರೆಮಣ್ಣು ಟೈರಿನ ಗೀರುಗಳನ್ನೆಲ್ಲ ತುಂಬಿ ಗಾಲಿಯನ್ನು ನುಣುಪಾಗಿಸುವುದರಿಂದ ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿ ತಿರುಗಿ ಗುಂಡಿ ಆಳವಾಗುತ್ತದೆಯೇ ಹೊರತು ಗಾಡಿ ಸರಿಯುವುದಿಲ್ಲ. ಪಕ್ಕದ ಹೊಲದಿಂದ ಬಂದ ಹಿರಿಯ ರೈತರೊಬ್ಬರು ದೂರದಿಂದಲೇ ಕೈ ಎತ್ತಿ, "ಸಾಹೇಬ್ರ, ಗಾಲಿ ಇನ್ನ ತಿರಗಸಬ್ಯಾಡ್ರಿ, ಭೂಮಿ ನುಂಗ್ತದ. ಮೊದಲ ಮಣ್ಣ ತೆಗೀರಿ" ಎಂದರು. "ನೀವ ಹೇಳ್ರಿ ಕಾಕಾ, ಹ್ಯಾಂಗ ಮಾಡೂದು" ಎಂದು ನಾನು ಸಲಿಕೆಯನ್ನು ಅವರ ಮುಂದಿಟ್ಟೆ. ಗಾಲಿಗಳ ಮುಂದೆ ಇಳಿಜಾರಾಗುವಂತೆ ಮಣ್ಣು ತೆಗೆಸಿ, ಗಾಡಿಯ ಹೊಟ್ಟೆ ತಾಗಿದ್ದ ನಡುದಿಬ್ಬವನ್ನು ಕಡಿಸಿ, ಬದುವಿನ ಮೇಲೆ ಒಟ್ಟಿದ್ದ ತೊಗರಿ ಕಟ್ಟಿಗೆಯನ್ನು ತರಿಸಿ ಗಾಲಿಯ ಕೆಳಗೆ ಅಡ್ಡಡ್ಡಲಾಗಿ ಒತ್ತಿ ಹಾಸಿಸಿದರು. ಒಣಗಿದ ತೊಗರಿ ಕಟ್ಟಿಗೆಯ ಗಂಟುಗಳಿಗೆ ಟೈರು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹಲಗೆಗಳಷ್ಟೇ ಚೆನ್ನಾಗಿ ಅದು ಕೆಲಸ ಮಾಡಿದ್ದನ್ನು ನಾನು ನೋಡಿದ್ದೇನೆ. ಜೊತೆಗೆ ಟೈರಿನ ಗಾಳಿಯನ್ನು ಮೂವತ್ತೆರಡರಿಂದ ಇಪ್ಪತ್ತು ಪಿಎಸ್‌ಐಗೆ (ಗಾಳಿಯ ಒತ್ತಡ ಅಳೆಯುವ ಮಾನ) ಇಳಿಸಿದೆವು. ಗಾಳಿ ಇಳಿದಾಗ ಟೈರು ಚಪ್ಪಟೆಯಾಗಿ ನೆಲವನ್ನು ಹೆಚ್ಚು ಹಿಡಿಯುತ್ತದೆ, ಆದರೆ ಹದಿನೈದಕ್ಕಿಂತ ಕೆಳಗಿಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದಲೇ ಕಳಚಿಕೊಳ್ಳುವ ಭಯವಿದೆ. ಡಾಂಬರು ದಾರಿಗೆ ಬಂದೊಡನೆ ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪಿನಿಂದ ಮತ್ತೆ ಗಾಳಿ ತುಂಬಿಸಲೇಬೇಕು, ಇಲ್ಲವಾದರೆ ಟೈರಿನ ಬದಿ ಕಾದು ಒಡೆಯುತ್ತದೆ.

ಕೊನೆಗೆ ಗಾಡಿಯನ್ನು ಹೊರಗೆಳೆದದ್ದು ಕಾಕಾ ಅವರ ಮನೆಯ ಟ್ರ್ಯಾಕ್ಟರ್. ಈ ಹಂತದಲ್ಲಿ ನಾನು ಯಾರ ಮಾತಿಗೂ ಮಣಿಯದೆ ಕಟ್ಟುನಿಟ್ಟಾಗಿ ಇರುತ್ತೇನೆ. ಹಗ್ಗವನ್ನು ಗಾಡಿಯೊಡನೆ ಬಂದ ಎಳೆಯುವ ಕೊಕ್ಕೆಗೆ ಮಾತ್ರ ಕಟ್ಟಬೇಕು. ಬಂಪರಿಗಾಗಲಿ ಸ್ಟೇರಿಂಗ್ ರಾಡಿಗಾಗಲಿ ಕಟ್ಟಿದರೆ ಅದೇ ಕಿತ್ತುಕೊಂಡು ಬರುತ್ತದೆ. ಬಿಗಿದ ಹಗ್ಗ ಹರಿದರೆ ಅದರ ತುದಿ ಎಲುಬು ಮುರಿಯುವಷ್ಟು ವೇಗದಿಂದ ಹಿಂದಕ್ಕೆ ಹಾರುವುದರಿಂದ ಹಗ್ಗದ ನಡುವೆ ಒದ್ದೆ ಕಂಬಳಿ ಹೊದಿಸುತ್ತೇವೆ, ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದವರೆಗೆ ಯಾರನ್ನೂ ನಿಲ್ಲಗೊಡುವುದಿಲ್ಲ. ಗಾಡಿ ಎಳೆಯುವುದನ್ನು ಹತ್ತಿರದಿಂದ ನೋಡಲು ಮಕ್ಕಳಿಗೆ ಬಲು ಆಸೆ. ಅವರನ್ನು ಹಿಡಿದುಕೊಂಡಿರುವುದಕ್ಕೆಂದೇ ಒಬ್ಬರನ್ನು ನೇಮಿಸಬೇಕು. ಎಂಜಿನ್ ಆರಿದ್ದರೆ ಸ್ಟೇರಿಂಗ್ ಭಾರವಾಗುತ್ತದೆ, ಬ್ರೇಕ್ ಪೆಡಲ್ಲು ಗಟ್ಟಿಯಾಗುತ್ತದೆ ಎಂಬುದನ್ನು ಚಕ್ರ ಹಿಡಿದವರಿಗೆ ಮೊದಲೇ ತಿಳಿಸಬೇಕು. ಸೈಲೆನ್ಸರ್ ಬಾಯಿ ಕೆಸರಿನಲ್ಲಿ ಹೂತಿದ್ದರೆ ಅದನ್ನು ಬಿಡಿಸುವ ತನಕ ಎಂಜಿನ್ ಚಾಲೂ ಮಾಡಕೂಡದು, ಒಳಗೆ ಯಾರನ್ನೂ ಕೂರಿಸಕೂಡದು; ವಿಷದ ಹೊಗೆ ಗಾಡಿಯೊಳಗೆ ತುಂಬಿಕೊಳ್ಳುತ್ತದೆ.

ಟೈರಿನ ವಿಷಯದಲ್ಲಿ ಹೇಳಬೇಕಾದದ್ದು ಎರಡೇ ಮಾತು. ಜಾಲಿಮುಳ್ಳು ನೆಲ ತಾಗುವ ಭಾಗಕ್ಕೆ ಚುಚ್ಚಿದ್ದರೆ ಟ್ಯೂಬ್‌ಲೆಸ್ ಟೈರಿಗೆ ರಬ್ಬರ್ ಪಟ್ಟಿ ತುರುಕುವ ಕಿಟ್ ಸಾಕು. ಪರಸಿಯ ಅಂಚು ಬದಿಯನ್ನು ಸೀಳಿದ್ದರೆ ಯಾವ ಪಟ್ಟಿಯೂ ನಿಲ್ಲುವುದಿಲ್ಲ, ಸ್ಟೆಪ್ನಿ ಹಾಕಿ ಆ ಟೈರನ್ನು ಬಿಟ್ಟುಬಿಡಬೇಕು. ಹೂತ ಗಾಡಿಗೆ ಇಳಿಸಿದಂತೆ ಗಣಿಯ ದಾರಿಯಲ್ಲಿ ಗಾಳಿ ಇಳಿಸಿದರೆ ಬದಿ ಉಬ್ಬಿ ಕಲ್ಲಿಗೆ ಇನ್ನಷ್ಟು ಸುಲಭವಾಗಿ ಸಿಗುತ್ತದೆ. ಇನ್ನು ಮೆತ್ತನೆಯ ಹೊಲದಲ್ಲಿ ಜಾಕ್ ಏರಿಸಿದರೆ ಗಾಡಿ ಏಳುವ ಬದಲು ಜಾಕೇ ನೆಲಕ್ಕಿಳಿಯುತ್ತದೆಯಾದ್ದರಿಂದ ಒಂದಡಿ ಚೌಕದ ದಪ್ಪ ಶಹಾಬಾದ್ ಪರಸಿಯನ್ನು ನಾನು ಸದಾ ಡಿಕ್ಕಿಯಲ್ಲಿ ಇಟ್ಟಿರುತ್ತೇನೆ, ಅದು ಒಡೆಯದಂತೆ ಮೇಲೊಂದು ಮರದ ಹಲಗೆಯನ್ನೂ ಇಡುತ್ತೇನೆ. ಗಾಲಿ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು, ಎದುರುಮೂಲೆಯ ಗಾಲಿಗೆ ಕಲ್ಲು ಕೊಡಬೇಕು, ಜಾಕನ್ನೊಂದೇ ನಂಬಿ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು.

ತೇಪೆ ಹಾಕಿ ಓಡಿಸಬಾರದ ಕೆಡುಕುಗಳನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡುವುದು ನನ್ನ ಪದ್ಧತಿ, ಏಕೆಂದರೆ ಹೊತ್ತು ಮುಳುಗುತ್ತಿರುವಾಗ, ಮಕ್ಕಳು ಅಳುತ್ತಿರುವಾಗ ಎಲ್ಲರಿಗೂ "ಹ್ಯಾಂಗರ ಮಾಡಿ ಹೋಗೂಣು" ಎನ್ನಿಸುತ್ತದೆ. ಬ್ರೇಕ್ ಎಣ್ಣೆ ಸೋರುತ್ತಿದ್ದರೆ ಗಾಡಿ ಅಲ್ಲೇ ನಿಲ್ಲಬೇಕು. ಸ್ಟೇರಿಂಗಿನ ಕೀಲು ಕಳಚಿದ್ದರೂ ಹಾಗೆಯೇ. ಎಂಜಿನ್ ಆಯಿಲ್ಲಿನ ಕೆಂಪು ದೀಪ ಹತ್ತಿದರೆ ಒಂದು ಕಿಲೋಮೀಟರ್ ಕೂಡ ಮುಂದೆ ಹೋಗಬಾರದು. ನೀರಿನಲ್ಲಿ ಇಳಿದು ಎಂಜಿನ್ ಆರಿದರೆ ಕೀಲಿ ಮತ್ತೆ ತಿರುಗಿಸಲೇಬಾರದು: ಗಾಳಿಯ ಹಾಗೆ ನೀರು ಅದುಮಿಕೊಳ್ಳುವುದಿಲ್ಲವಾದ್ದರಿಂದ ಸಿಲಿಂಡರಿಗೆ ಹೊಕ್ಕ ನೀರಿನ ಎದುರು ಪಿಸ್ಟನ್ ಮೇಲೇರುವಾಗ ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಳೆಗಾಲದಲ್ಲಿ ಮುಲ್ಲಾಮಾರಿಯಂಥ ಹೊಳೆಗಳು, ಅವುಗಳಿಗೆ ಸೇರುವ ಹಳ್ಳಗಳು ಮೇಲೆಲ್ಲೋ ಬಿದ್ದ ಮಳೆಗೆ ತುಂಬಿ ಬರುತ್ತವೆ; ತಳ ಕಾಣದ ನೀರಿಗೆ ಮನೆಮಂದಿ ಕೂತ ಗಾಡಿಯನ್ನು ನಾನು ಇಳಿಸುವುದಿಲ್ಲ, ಎಷ್ಟೇ ಸುತ್ತಾದರೂ ಬೇರೆ ದಾರಿ ಹಿಡಿಯುತ್ತೇನೆ. ಇದಕ್ಕೆ ವಿರುದ್ಧವಾಗಿ ಡೀಸೆಲ್ ಟ್ಯಾಂಕಿನ ಸಣ್ಣ ಸೋರಿಕೆಗೆ ಬಟ್ಟೆ ಸೋಪನ್ನು ಒತ್ತಿ ತಿಕ್ಕಿದರೆ ಊರು ಮುಟ್ಟುವವರೆಗೆ ತಡೆಯುತ್ತದೆ. ಕ್ಲಚ್ ತಂತಿ ಹರಿದರೂ ಹಲವು ಗಾಡಿಗಳಲ್ಲಿ ಮೊದಲ ಗೇರಿನಲ್ಲೇ ಇಟ್ಟು ಸೆಲ್ಫ್ ಹೊಡೆದು ಸಪಾಟಾದ ದಾರಿಯಲ್ಲಿ ನಿಧಾನವಾಗಿ ಬರಬಹುದು. ಸುಟ್ಟ ಫ್ಯೂಸಿಗೆ ಅಷ್ಟೇ ಆಂಪಿಯರಿನ ಫ್ಯೂಸು ಹಾಕಬೇಕು, ತಂತಿ ಸುತ್ತಿದರೆ ವೈರಿಂಗ್ ಹೊತ್ತಿಕೊಳ್ಳುತ್ತದೆ.

ಗಾಡಿ ಬಿಟ್ಟು ಬರುವ ಪ್ರಸಂಗವೂ ಬಂದಿದೆ. ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿಧಾಮ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು, ಹೊತ್ತು ಮುಳುಗುವ ಮೊದಲು ಹೊರಬೀಳಬೇಕು. ಅದರ ಅಂಚಿನ ದಾರಿಯಲ್ಲಿ ಒಮ್ಮೆ ಗಾಡಿ ಚಾಲೂ ಆಗದೇ ಉಳಿದಾಗ ಸಂಜೆ ನಾಲ್ಕರವರೆಗೆ ಪ್ರಯತ್ನಿಸಿ, ಕೈಬಿಟ್ಟು, ಹೆಂಗಸರು ಮಕ್ಕಳನ್ನೆಲ್ಲ ಇನ್ನೊಂದು ಗಾಡಿಯಲ್ಲಿ ಮೊದಲು ಕಳಿಸಿದೆವು. ಇಬ್ಬರು ಮಾತ್ರ ಉಳಿದು ಹತ್ತಿರದ ಲಂಬಾಣಿ ತಾಂಡಾಕ್ಕೆ ನಡೆದೆವು. ಫೋನಿಗೆ ಸಿಗ್ನಲ್ ಇರದ ಆ ಜಾಗದಿಂದ ತಾಂಡಾದ ಹುಡುಗನೊಬ್ಬ ಬೈಕಿನಲ್ಲಿ ಹೋಗಿ ಮೆಕ್ಯಾನಿಕನನ್ನು ಕರೆತಂದ, ಅವನ ತಾಯಿ ನಮಗೆ ಚಹಾ ಮಾಡಿಕೊಟ್ಟರು. ಹೊರಡುವ ಮುನ್ನ ದಾರಿಯ ನಕಾಶೆಯನ್ನು ಫೋನಿನಲ್ಲಿ ಇಳಿಸಿಟ್ಟುಕೊಂಡು, ಯಾವ ದಾರಿಯಿಂದ ಹೋಗಿ ಎಷ್ಟು ಗಂಟೆಗೆ ಮರಳುತ್ತೇವೆಂದು ಊರಿನಲ್ಲಿರುವ ನನ್ನ ತಮ್ಮನಿಗೆ ಬರೆದುಕೊಟ್ಟಿರುತ್ತೇನೆ. ಆ ಹೊತ್ತು ದಾಟಿ ಎರಡು ತಾಸಾದರೂ ಸುದ್ದಿ ಬರದಿದ್ದರೆ ಅವನು 112ಕ್ಕೆ ಕರೆ ಮಾಡಬೇಕೆಂಬುದು ನಮ್ಮ ನಡುವಿನ ಕರಾರು. ಕುಡಿಯುವ ನೀರು ತಲೆಗೆ ಐದು ಲೀಟರ್, ರೇಡಿಯೇಟರಿಗೆ ಬೇರೆ ಕ್ಯಾನಿನಲ್ಲಿ ಹತ್ತು ಲೀಟರ್. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಷ್ಟು ನೀರಿದ್ದರೂ ನಾನು ಮಕ್ಕಳನ್ನು ಕರೆದುಕೊಂಡು ಒಳದಾರಿಗೆ ಹೋಗುವುದಿಲ್ಲ. ನಲವತ್ತೆರಡು ಡಿಗ್ರಿ ದಾಟುವ ಬಿಸಿಲಿನಲ್ಲಿ ಗಾಡಿ ಕೆಟ್ಟರೆ ಅವರಿಗೆ ಬಿಸಿಲು ಬಡಿಯಲು ಹೆಚ್ಚು ಹೊತ್ತು ಬೇಕಿಲ್ಲ.

ಊರಿಗೆ ಮರಳಿದ ಮರುದಿನದ ಕೆಲಸವನ್ನೂ ಪ್ರವಾಸದ ಭಾಗವೆಂದೇ ನಾನು ಎಣಿಸುತ್ತೇನೆ. ತೇಪೆ ಹಾಕಿದ ಪೈಪನ್ನು ಬದಲಿಸಬೇಕು, ಬದಲಿಸಿದ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು, ರೇಡಿಯೇಟರಿನ ಮುಂಭಾಗಕ್ಕೆ ಮೆತ್ತಿದ ಮಣ್ಣನ್ನು ಹಗುರವಾಗಿ ನೀರು ಬಿಟ್ಟು ತೊಳೆಯಬೇಕು. ಎರೆಮಣ್ಣಿನಲ್ಲಿ ಓಡಿದ ಗಾಡಿಯ ಸ್ಟೇರಿಂಗ್ ಅರವತ್ತು, ಎಪ್ಪತ್ತರ ವೇಗದಲ್ಲಿ ನಡುಗಿದರೆ ಅಲೈನ್‌ಮೆಂಟ್ ಮಾಡಿಸಲು ಓಡುವ ಮೊದಲು ಗಾಲಿಗಳನ್ನು ಬಿಚ್ಚಿ ರಿಮ್ಮಿನ ಒಳಮೈ ನೋಡಿ. ಅಲ್ಲಿ ಒಣಗಿ ಇಟ್ಟಿಗೆಯಂತಾದ ಮಣ್ಣು ಒಂದೇ ಪಕ್ಕಕ್ಕೆ ಅಂಟಿಕೊಂಡು ಗಾಲಿಯ ತೂಕವನ್ನು ತಪ್ಪಿಸಿರುತ್ತದೆ. ಅದನ್ನು ಮರದ ತುಂಡಿನಿಂದ ಕೆರೆದು ತೆಗೆದ ಮೇಲೆ ನಮ್ಮ ಜೀಪಿನ ನಡುಕ ಪ್ರತಿ ಸಲವೂ ನಿಂತಿದೆ.