ಮಗುವಿನ ಬೊಜ್ಜು: ಮೊದಲು ಬದಲಾಗಬೇಕಾದ್ದು ಮನೆಯ ರೂಢಿ

ಮಗುವಿಗೆ ಬೊಜ್ಜು ಎಂದು ಗೊತ್ತಾದೊಡನೆ ತೂಕ ಇಳಿಸಲು ಹೊರಡಬೇಡಿ. ಒಂದು ಲೆಕ್ಕ ನೋಡಿ. 8 ವರ್ಷ, ಎತ್ತರ 128 ಸೆಂ.ಮೀ., ತೂಕ 34 ಕೆ.ಜಿ. ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ) ಸುಮಾರು 20.8, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಬೊಜ್ಜು. ತೂಕ ಅಲ್ಲೇ ನಿಂತು ವರ್ಷದಲ್ಲಿ 6 ಸೆಂ.ಮೀ. ಬೆಳೆದರೆ ಅದು 18.9ಕ್ಕೆ ಬರುತ್ತದೆ. ಈ ವಯಸ್ಸಿನಲ್ಲಿ ತೂಕ ಏರದಿದ್ದರೆ ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕು. ಬೊಜ್ಜು ತೀರಾ ಹೆಚ್ಚಿದ್ದರೆ, ಎತ್ತರ ನಿಲ್ಲುವ ವಯಸ್ಸಾಗಿದ್ದರೆ ಗುರಿಯನ್ನು ವೈದ್ಯರೇ ಹೇಳಬೇಕು.

ಅವರಿಗೆ ಮೂರು ವಿಷಯ ತಪ್ಪದೆ ತಿಳಿಸಿ. ತೂಕ ಏರುತ್ತಿದ್ದೂ ಎತ್ತರ ಬೆಳೆಯುತ್ತಿಲ್ಲವೇ? ಥೈರಾಯ್ಡ್‌ನಂಥ ಹಾರ್ಮೋನ್ ತೊಂದರೆ ಇರಬಹುದು. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತದೆಯೇ? ಕತ್ತಿನ ಹಿಂಭಾಗ ಕಪ್ಪಾಗಿ, ಮಡಿಕೆ ಮಡಿಕೆಯಾಗಿ ದಪ್ಪಗಾಗಿದೆಯೇ? ಸೋಪು ಹಚ್ಚಿ ತಿಕ್ಕುವವರಿದ್ದಾರೆ. ಅದು ಕೊಳೆಯಲ್ಲ, ಸಾಮಾನ್ಯವಾಗಿ ಇನ್ಸುಲಿನ್ ಪ್ರತಿರೋಧದ ಗುರುತು, ಅಂದರೆ ರಕ್ತದ ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸುತ್ತಿಲ್ಲ.

ಊಟದ ವಿಷಯದಲ್ಲಿ ಏನು, ಯಾವಾಗ, ಎಲ್ಲಿ ಎಂಬುದು ನಿಮ್ಮ ತೀರ್ಮಾನ. ಎಷ್ಟು ಎಂಬುದು ಮಗುವಿನದು. ತಟ್ಟೆಯ ಅರ್ಧ ತರಕಾರಿ, ಹಣ್ಣು ಇರಲಿ. ಪಾತ್ರೆಗಳನ್ನು ಎದುರಿಗೇ ಇಡದೆ ಅಡುಗೆಮನೆಯಲ್ಲೇ ಬಡಿಸಿ ತನ್ನಿ. ಇನ್ನಷ್ಟು ಬೇಕೆಂದರೆ ಹದಿನೈದು ನಿಮಿಷ ಮಾತಾಡುತ್ತಾ ಕೂರಿಸಿ, ಆಮೇಲೂ ಕೇಳಿದರೆ ಬಡಿಸಿ. ಹೊಟ್ಟೆ ತುಂಬಿದ್ದು ತಲೆಗೆ ತಿಳಿಯಲು ಅಷ್ಟು ಹೊತ್ತು ಬೇಕು. "ತಟ್ಟೆ ಖಾಲಿ ಮಾಡು" ಎಂಬ ಹಟ ಬಿಡಿ. ಟಿವಿ, ಮೊಬೈಲ್ ಊಟದ ಹೊತ್ತಿಗೆ ಬೇಡ, ದೊಡ್ಡವರದ್ದೂ ಸೇರಿ.

ಎಲ್ಲಕ್ಕಿಂತ ಸುಲಭವಾಗಿ ಫಲ ಕೊಡುವುದು ಸಿಹಿ ಪಾನೀಯ ನಿಲ್ಲಿಸುವುದು. 330 ಮಿ.ಲೀ. ತಂಪು ಪಾನೀಯದಲ್ಲಿ ಸುಮಾರು 35 ಗ್ರಾಂ ಸಕ್ಕರೆ. ಮಕ್ಕಳಿಗೆ ದಿನವಿಡೀ ಸೇರಿಸಿದ ಸಕ್ಕರೆ 25 ಗ್ರಾಂ ದಾಟಬಾರದು. ಜ್ಯೂಸ್ ಬದಲು ಹಣ್ಣನ್ನೇ ಕೊಡಿ.

ಬಹುತೇಕ ಮನೆಗಳು ಎಡವುವುದು ಎಲ್ಲಿ ಗೊತ್ತೇ? ದಪ್ಪಗಿರುವ ಮಗುವಿಗೊಂದು ಪಥ್ಯ, ಉಳಿದವರಿಗೆ ಎಂದಿನಂತೆ ಕರಿದ ತಿಂಡಿ. ಆಗ ಮಗು ಕದ್ದು ತಿನ್ನಲು ಕಲಿಯುತ್ತದೆ. ಡಬ್ಬಿಗೆ ಬೀಗ ಹಾಕುವುದಕ್ಕಿಂತ ತಿಂಡಿ ಕೊಳ್ಳದಿರುವುದೇ ಮೇಲು. ಅಂಕ ಬಂದದ್ದಕ್ಕೆ ಚಾಕೊಲೇಟ್, ಅತ್ತಿದ್ದಕ್ಕೆ ಬಿಸ್ಕತ್ತು ಬೇಡ. "ಡುಮ್ಮಾ" ಎನ್ನುವ ನೆಂಟರನ್ನು ಅಲ್ಲೇ ತಡೆಯಿರಿ. ಅವಮಾನದಿಂದ ತಿನ್ನುವುದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ದಿನಕ್ಕೆ 60 ನಿಮಿಷ ಏದುಸಿರು ಬರುವಂಥ ಆಟ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ. ನಿದ್ದೆಗೆಟ್ಟರೆ ಹಸಿವೂ ಹೆಚ್ಚು.

ತೂಕ ನೋಡುವುದು ತಿಂಗಳಿಗೊಮ್ಮೆ, ಅದೇ ಯಂತ್ರದಲ್ಲಿ, ಬೇರೆಯವರಿಲ್ಲದಾಗ. ಎತ್ತರವನ್ನು ಮೂರು ತಿಂಗಳಿಗೊಮ್ಮೆ ಅಳೆದು ಪಕ್ಕದಲ್ಲೇ ಬರೆದಿಡಿ. ಬರೀ ತೂಕ ನೋಡಿದರೆ ಸುಧಾರಣೆ ಕಣ್ಣಿಗೆ ಬೀಳುವುದೇ ಇಲ್ಲ.