ಬಿಸಿಲ ಸೀಮೆಯ ಥಾಮ್ಸನ್ ದ್ರಾಕ್ಷಿಯಿಂದ ಡ್ರೈ (ಸಿಹಿ ಉಳಿಯದ) ವೈಟ್ ವೈನ್

ಕುಷ್ಟಗಿ, ಕೊಪ್ಪಳ ಕಡೆಯ ಥಾಮ್ಸನ್ ಸೀಡ್‌ಲೆಸ್‌ಗೆ ಸಕ್ಕರೆಯ ಬರವಿಲ್ಲ, ಬರವಿರುವುದು ಹುಳಿಗೆ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಕತ್ತರಿಸುವಿಕೆಯ) ಬೆಳೆ ಫೆಬ್ರುವರಿ–ಮಾರ್ಚ್‌ನಲ್ಲಿ ಮಾಗುವಾಗ ಬಿಸಿಲು ಏರುತ್ತದೆ, ಹಣ್ಣಿನ ಮ್ಯಾಲಿಕ್ ಆಮ್ಲ ಇಳಿಯುತ್ತದೆ. 24 ಬ್ರಿಕ್ಸ್‌ವರೆಗೆ (ರಸದ ಸಕ್ಕರೆಯ ಅಳತೆ) ಕಾದರೆ ಅಮಲೇನೋ ಏರುತ್ತದೆ, ವೈನ್ ಸಪ್ಪೆಯಾಗುತ್ತದೆ. 20–21ಕ್ಕೇ ಕೊಯ್ಯಿರಿ, ಸುಮಾರು ಶೇ 11.5 ಆಲ್ಕೋಹಾಲ್ ಸಿಗುತ್ತದೆ, ಸಾಕು. ಕಾಯಿ ಉಬ್ಬಿಸಲು ಜಿಎ (ಜಿಬ್ಬರೆಲಿಕ್ ಆಮ್ಲ ಎಂಬ ಹಾರ್ಮೋನ್) ಹೊಡೆದ ತೋಟದ ಹಣ್ಣು ಬೇಡ, ನೋಡಲಷ್ಟೇ ಚೆಂದ. ಕೊಯ್ಲು ಹತ್ತಿರವಿದ್ದಾಗ ಬೂದಿರೋಗಕ್ಕೆ ಗಂಧಕ ಹೊಡೆದಿದ್ದರೆ ಕೊಳೆತ ಮೊಟ್ಟೆಯ ವಾಸನೆ ಬರಬಹುದು.

ಅಬಕಾರಿ ಇಲಾಖೆಯ ಪರವಾನಗಿ ಮೊದಲೇ ಕೈಯಲ್ಲಿರಲಿ.

ನಸುಕಿನಲ್ಲಿ ಕೊಯ್ದು, ಬಿಸಿಲೇರುವ ಮುಂಚೆ ಹಿಂಡಿ ಮುಗಿಸಬೇಕು. 100 ಕೆ.ಜಿ.ಗೆ 60–65 ಲೀಟರ್ ರಸ ಬಂದರೆ ನಿಲ್ಲಿಸಿ. ಇನ್ನೂ ಒತ್ತಿದರೆ ಸಿಪ್ಪೆಯ ಒಗರು ಇಳಿಯುತ್ತದೆ. ರಸ ಕಂದಾಗದಂತೆ 100 ಲೀಟರಿಗೆ 8–9 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಿ, 8–10 ಡಿಗ್ರಿಯಲ್ಲಿ ಒಂದು ದಿನ ಬಿಟ್ಟು ಮೇಲಿನ ತಿಳಿ ತೆಗೆಯಿರಿ.

ಹುಳಿ ಸರಿಪಡಿಸಬೇಕಾದ್ದು ಇಲ್ಲೇ, ಹುದುಗುವ ಮೊದಲು. ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 3.3–3.4ಕ್ಕೆ ಬರಬೇಕು. ಲೀಟರಿಗೆ 1 ಗ್ರಾಂ ಟಾರ್ಟಾರಿಕ್ ಆಮ್ಲ ಹಾಕಿದರೆ ಹೆಚ್ಚುಕಡಿಮೆ 0.1 ಇಳಿಯುತ್ತದೆ. ಒಮ್ಮೆಲೇ ಸುರಿಯಬೇಡಿ, ಅರ್ಧ ಹಾಕಿ, ಕಲಕಿ, ಅಳೆದು ಮುಂದುವರಿಯಿರಿ. ಪಿಎಚ್ 3.7ರ ಮೇಲಿದ್ದರೆ ಸಲ್ಫೈಟ್ ಕೂಡ ಸರಿಯಾಗಿ ಕೆಲಸ ಮಾಡದು, ಬ್ಯಾಕ್ಟೀರಿಯಾ ಬೇಗ ಸೇರಿಕೊಳ್ಳುತ್ತವೆ.

100 ಲೀಟರಿಗೆ 20–25 ಗ್ರಾಂ ವೈನ್ ಯೀಸ್ಟ್ ಬೇಕು. ಹತ್ತು ಪಟ್ಟು ನೀರಿನಲ್ಲಿ, 35–38 ಡಿಗ್ರಿಯಲ್ಲಿ, 20 ನಿಮಿಷ ನೆನೆಸಿ. ಆ ಬಿಸಿ ನೀರನ್ನು ನೇರ ತಣ್ಣನೆಯ ರಸಕ್ಕೆ ಸುರಿದರೆ ಯೀಸ್ಟ್ ಸಾಯುತ್ತದೆ. ಸ್ವಲ್ಪಸ್ವಲ್ಪ ರಸ ಬೆರೆಸಿ ತಣಿಸಿ. ಯೀಸ್ಟಿನ ಪೋಷಣೆಗೆ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) 100 ಲೀಟರಿಗೆ 20 ಗ್ರಾಂ: ಮೊದಲರ್ಧ ನೊರೆ ಎದ್ದಾಗ, ಉಳಿದರ್ಧ ರಸದ ಸಕ್ಕರೆಯಲ್ಲಿ ಮೂರನೇ ಒಂದು ಭಾಗ ಕಡಿಮೆಯಾದಾಗ. ಗೊಬ್ಬರದಂಗಡಿಯ ಡಿಎಪಿ ಸಲ್ಲದು, ಆಹಾರ ದರ್ಜೆಯದ್ದೇ ಆಗಬೇಕು.

ತಾಪ 15–18 ಡಿಗ್ರಿಯಲ್ಲಿ ನಿಲ್ಲಬೇಕು. ಕೂಲಿಂಗ್ ಇಲ್ಲದೆ ಈ ಊರಲ್ಲಿ ಬಿಳಿ ವೈನ್ ಮಾಡುವ ಆಸೆ ಬಿಡಿ. 25 ದಾಟಿದರೆ ಸುವಾಸನೆ ಹಾರಿಹೋಗುತ್ತದೆ, 35 ಮುಟ್ಟಿದರೆ ಹುದುಗೇ ನಡುವೆ ನಿಂತು ಸಿಹಿ ಉಳಿಯುತ್ತದೆ.

ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 0.995ಕ್ಕಿಂತ ಕೆಳಗಿಳಿದು ಎರಡು ಮೂರು ದಿನ ಅಲ್ಲೇ ನಿಂತರೆ ವೈನ್ ಡ್ರೈ ಆಗಿದೆ. ಗಸಿ ಬಿಟ್ಟು ತಿಳಿಯನ್ನು ಬೇರೆ ಪಾತ್ರೆಗೆ ಇಳಿಸಿ, 100 ಲೀಟರಿಗೆ 5 ಗ್ರಾಂ ಮೆಟಾಬೈಸಲ್ಫೈಟ್ ಹಾಕಿ, ಬಾಯಿವರೆಗೆ ತುಂಬಿ. ಮೇಲೆ ಗಾಳಿ ಉಳಿದರೆ ವಿನೆಗರ್ ಆಗುವ ದಾರಿ ಅದು. ತುಂಬಿಸಿದ ಬಾಟಲಿಗಳನ್ನು ತಗಡಿನ ಶೆಡ್ಡಿನಲ್ಲಿಡಬೇಡಿ. ಏಪ್ರಿಲ್ ಬಿಸಿಲಿಗೆ ಕೆಲವೇ ವಾರಗಳಲ್ಲಿ ಬಣ್ಣ ಕಂದಾಗುತ್ತದೆ.